ಗಾಳಿ ಕೆಟ್ಟಿದೆ, ಕಿಟಕಿ ಮುಚ್ಚಿ

ಸಭೆಯೊಂದಕ್ಕೆ ದೆಹಲಿಗೆ ಬಂದು, ಚಾಣಕ್ಯಪುರಿಯಲ್ಲಿರುವ ನಮ್ಮ ರಾಜ್ಯದ ಅತಿಥಿಗೃಹದ ಕೋಣೆಗೆ ಕಾಲಿಟ್ಟಾಗ ಮೊದಲು ಕಣ್ಣಿಗೆ ಬಿದ್ದದ್ದು ಮೂಲೆಯಲ್ಲಿ ನಿಂತಿದ್ದ ಗಾಳಿ ಶುದ್ಧ ಮಾಡುವ ಯಂತ್ರ. ಅದರ ನೆತ್ತಿಯ ಮೇಲೆ ಒಂದು ಹಸಿರು ದೀಪ, ದೀಪದ ಪಕ್ಕದಲ್ಲಿ ಒಂದು ಸಂಖ್ಯೆ. ಸಾಮಾನು ತಂದಿಟ್ಟವರು ಹಾಸನದ ಕಡೆಯ ಹಿರಿಯರು. ಕಿಟಕಿಯ ಚಿಲಕವನ್ನು ಇನ್ನೊಮ್ಮೆ ಒತ್ತಿ ನೋಡಿ, "ಮೇಡಂ, ಇದನ್ನ ಮಾತ್ರ ತೆಗೀಬೇಡಿ. ಹೊಗೆ ಒಳಗೆ ಬಂದ್ಬಿಡುತ್ತೆ. ಒಳಗಿನ ಗಾಳಿ ಚೆನ್ನಾಗಿದೆ ನೋಡಿ, ಹಸಿರು ತೋರಿಸ್ತಿದೆ" ಎಂದರು. ನಾನು ತಲೆಯಾಡಿಸಿದೆ. ಅವರು ಬಾಗಿಲು ಎಳೆದುಕೊಂಡು ಹೋದ ಕೂಡಲೇ ಕಿಟಕಿಯನ್ನು ಪೂರ್ತಿ ತೆರೆದೆ.

ಸುಟ್ಟ ಹುಲ್ಲು, ಡೀಸೆಲ್ಲು, ಎಲ್ಲೋ ಉರಿಯುತ್ತಿರುವ ಕಸ ಎಲ್ಲ ಬೆರೆತ ದೆಹಲಿಯ ನವೆಂಬರ್ ವಾಸನೆ ಒಳಗೆ ಬಂತು. ಇದಕ್ಕೆ ಊರೆಲ್ಲ ಮೂಗು ಮುಚ್ಚಿಕೊಳ್ಳುತ್ತದೆ. ನನಗೆ ಅದು ಬಂದರೇ ಸಮಾಧಾನ. ವಾಸನೆ ಇರುವ ವಿಷಕ್ಕೆ ನಾನು ಅಷ್ಟಾಗಿ ಹೆದರುವುದಿಲ್ಲ, ಹೆದರುವುದು ಹಸಿರು ದೀಪಕ್ಕೆ. ಹಸಿರು ದೀಪವನ್ನು ನಂಬಿದ ಒಂದು ಮನೆಯಲ್ಲಿ ನಾನು ಒಂದು ಚಳಿಗಾಲದ ಭಾನುವಾರಗಳನ್ನೆಲ್ಲ ಕಳೆದಿದ್ದೇನೆ. ಆ ಚಳಿಗಾಲ ನಕ್ಕಷ್ಟು ನಾನು ಮತ್ತೆಂದೂ ನಕ್ಕಿಲ್ಲ.

ಆಗ ನಾನು ಮುಖರ್ಜಿ ನಗರದ ಒಂದು ಹೆಣ್ಣುಮಕ್ಕಳ ಪಿ.ಜಿ.ಯಲ್ಲಿದ್ದೆ. ಸುತ್ತಮುತ್ತ ಎಲ್ಲರೂ ಐಎಎಸ್ ಪರೀಕ್ಷೆಗೆ ಓದುವವರು, ನಾನೊಬ್ಬಳೇ ಶಾಸನ ಓದುವವಳು. ಇತಿಹಾಸದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೆ. ಕೆರೆ ಕಟ್ಟಿಸಿದವರ ಹೆಸರುಗಳನ್ನು ಸಾವಿರಾರು ಶಾಸನಗಳ ಪಠ್ಯದಿಂದ ಹೆಕ್ಕಿ ತೆಗೆಯಬೇಕಿತ್ತು. ಪಠ್ಯವೆಲ್ಲ ಕಂಪ್ಯೂಟರಿನಲ್ಲಿತ್ತು, ಸರಿ. ಆದರೆ ಆ ಕಂಪ್ಯೂಟರು ಅಣ್ಣ ಬಳಸಿ ಬಿಟ್ಟ ಲ್ಯಾಪ್‌ಟಾಪು. ಒಂದು ಫೈಲು ತೆಗೆ ಎಂದರೆ ನಾನು ತಿಂಡಿ ತಿಂದು ಬರುವವರೆಗೂ ಯೋಚನೆ ಮಾಡುತ್ತಿತ್ತು.

ಮೆಟ್ರೋದ ಹೆಂಗಸರ ಬೋಗಿಯಲ್ಲಿ ನಿಂತು ಇದೇ ಸಂಕಟವನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿಕೊಂಡು, ಅಮ್ಮ ಮದುವೆಯ ಮಾತು ತೆಗೆದಾಗ ಗದರಿಸುತ್ತಿದ್ದೆ. ಪಕ್ಕದಲ್ಲಿ ಕೂತಿದ್ದವಳು ನನ್ನ ದುಪಟ್ಟಾ ಎಳೆದು, "ಚಿತ್ರದುರ್ಗದ ಕಡೆಯವಳಾ? ಅಮ್ಮಂಗೆ ಹಾಗೆಲ್ಲ ಬೈಬಾರದು ಕಣೆ" ಎಂದಳು. ಅವಳೇ ವಾಣಕ್ಕ. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತೆ, ಮೈಸೂರಿನವಳು. "ನಿನ್ನ ಲ್ಯಾಪ್‌ಟಾಪಿಗೆ ವೈದ್ಯರು ನಮ್ಮನೇಲೇ ಇದಾರೆ. ಭಾನುವಾರ ಊಟಕ್ಕೆ ಬಾ" ಎಂದು ಮಯೂರ್ ವಿಹಾರದ ವಿಳಾಸ ಕೊಟ್ಟಳು.

ಆ ವೈದ್ಯರು ಅವಳ ಗಂಡ ಶ್ರೀಪಾದ. ಒಂದು ಸಂಶೋಧನಾ ಸಂಸ್ಥೆಯಲ್ಲಿ ಕಂಪ್ಯೂಟರ್ ವಿಜ್ಞಾನಿ. ಬಾಗಿಲು ತೆರೆದವರು ಬನ್ನಿ ಎನ್ನಲಿಲ್ಲ, ಹೆಸರು ಕೇಳಲಿಲ್ಲ. "ನೀವು ಯಾವ ಲಿನಕ್ಸ್ ಹಾಕ್ಕೊಂಡಿದೀರಿ?" ಎಂದರು. ಹಾಲಿನವನನ್ನೂ ಹೀಗೇ ಕೇಳಿದ್ದರಂತೆ.

"ಯಾವುದೂ ಇಲ್ಲ. ಹಾಕ್ಕೋಬೇಕು" ಎಂದೆ, ಸೌಜನ್ಯಕ್ಕೆ.

ಅವರ ಮುಖ ಅರಳಿತು. ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು, "ಅಚ್ಛಾ, ಹಾಗಿದ್ರೆ ಕೇಳಿ. ಕಂಪ್ಯೂಟರ್ ಓಡಿಸೋ ಈ ಲಿನಕ್ಸ್ ಅಂದ್ರೆ ಒಂದಲ್ಲ, ನೂರಾರು ಥರ. ಹೆಣ್ಣು ನೋಡೋಕೆ ಹೋದ ಹಾಗೆ ಎಲ್ಲಾನೂ ನೋಡ್ತಾ ಕೂತ್ರೆ ಮುದುಕರಾಗ್ತೀರಿ. ಮೊದಲನೇದು ಮಿಂಟ್ ಹಾಕ್ಕೊಳ್ಳಿ. ಸಾಧು ಪ್ರಾಣಿ. ಆರ್ಚ್ ಅಂತ ಒಂದಿದೆ, ಅದನ್ನ ಹಾಕ್ಕೊಂಡೋರು ಬೇರೇನೂ ಮಾಡಲ್ಲ, ಹಾಕ್ಕೊಂಡಿದೀವಿ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತಾರೆ" ಎಂದರು. ಊಟದ ಹೊತ್ತಿಗೆ ನನ್ನ ಮುದಿ ಲ್ಯಾಪ್‌ಟಾಪು ಎದ್ದು ಕೂತಿತ್ತು. ಎಲೆ ಎತ್ತುವ ಹೊತ್ತಿಗೆ ಅವರು ನನ್ನನ್ನು "ನೀನು" ಎನ್ನತೊಡಗಿದ್ದರು, ನಾನು ಶ್ರೀಪಾದಣ್ಣ ಎನ್ನತೊಡಗಿದ್ದೆ.

ಹಾಗೆ ಭಾನುವಾರಗಳು ಶುರುವಾದವು. ಲಿನಕ್ಸ್ ಕಲಿಸುವುದಕ್ಕಿಂತ ಅವರಿಗೆ ಪ್ರೋಗ್ರಾಮಿಂಗ್ ಭಾಷೆಗಳ ಮೇಲೆ ಹರಟೆ ಹೊಡೆಯುವುದು ಇಷ್ಟ. ಜಾವಾ ಅಂದರೆ ವಾಣಿಯ ಆಫೀಸು, ಒಂದು ಲೋಟ ನೀರು ಬೇಕೆಂದರೂ ಮೊದಲು ಲೋಟದ ವಿಭಾಗಕ್ಕೆ ಅರ್ಜಿ ಹಾಕಬೇಕು ಎನ್ನುವರು. ಅವರ ಮೆಚ್ಚಿನ ಕತೆ ಮದುವೆ ಊಟದ್ದು. ಅದನ್ನು ಯಾರು ಹೊಸಬರು ಬಂದರೂ ಹೇಳಲೇಬೇಕು.

"ನಾಲ್ಕು ಭಾಷೆ ಮದುವೆ ಊಟಕ್ಕೆ ಹೋದ್ವು. ಜಾವಾ ಕೂರಲಿಲ್ಲ, ಕೂರೋಕೆ ಯಾರ ಅಪ್ಪಣೆ ಇದೆ ಅಂತ ಕೇಳ್ತಾ ನಿಂತ್ಕೊಂಡ್ತು. ಪೈಥಾನ್ ಮಡಿ ಅಜ್ಜಿ. ಉಪ್ಪು ಇರಬೇಕಾದ ಜಾಗದಿಂದ ಒಂದು ಬೆರಳು ಸರಿದಿದೆ ಅಂತ ಎದ್ದುಬಿಡ್ತು. ಜಾವಾಸ್ಕ್ರಿಪ್ಟ್ ಹೊಟ್ಟೆ ತುಂಬ ಉಂಡು ಬಂತು, ಆದ್ರೆ ಪಕ್ಕದ ಛತ್ರದಲ್ಲಿ, ಬೇರೆ ಯಾರದೋ ಮದುವೇಲಿ. ಕೊನೇಗೆ ಸಿ ಬಂತು. ಕೂತ್ಕೊಂಡ್ತು. ಎಲೆ ಹಾಕಿದ್ರು. ತನ್ನ ಎಲೆ ಖಾಲಿ ಮಾಡ್ತು. ಎಲೆ ಎಲ್ಲಿಗೆ ಮುಗೀತು ಅಂತ ಅದಕ್ಕೆ ಗೊತ್ತಾಗಲ್ಲ. ಕೈ ಹಾಗೇ ಪಕ್ಕದವರ ಎಲೆಗೆ ಹೋಯ್ತು. ಅದೂ ಖಾಲಿ, ಅದರ ಪಕ್ಕದ್ದೂ ಖಾಲಿ. ಪಂಕ್ತಿ ಕೊನೇಲಿ ಛತ್ರದ ಕಂಬಕ್ಕೇ ಕೈ ಹಾಕಿ ಎಳೀತು ನೋಡು, ಮದುವೆ ಮನೇನೇ ಕುಸಿದುಬಿತ್ತು."

ತನಗೆ ಕೊಟ್ಟ ಜಾಗ ದಾಟಿ ಪಕ್ಕದ ಜಾಗಕ್ಕೆ ಕೈಹಾಕಿದರೂ ಸಿ ಭಾಷೆಯಲ್ಲಿ ತಡೆಯುವವರಿಲ್ಲ ಎಂಬುದು ಅದರ ಒಳಮಾತು. ವಾಣಕ್ಕನಿಗೆ ಭಾಷೆಗಳ ಗಂಧವೇ ಇರಲಿಲ್ಲ. ಆದರೂ ಪ್ರತಿಸಲ ಕಂಬದ ಹತ್ತಿರ ಬರುವಾಗ ಅವಳೇ ಮೊದಲು ನಗುವಳು. ನಗು ಕೆಮ್ಮಿಗೆ ತಿರುಗುವುದು. ಆಗ ಶ್ರೀಪಾದಣ್ಣ ಕತೆ ನಿಲ್ಲಿಸಿ ಫ್ರಿಜ್ಜಿನ ಮೇಲಿದ್ದ ಇನ್‌ಹೇಲರ್ ತಂದು ಅವಳ ಕೈಗಿಟ್ಟು, ಅವಳ ಉಸಿರು ಸರಿಹೋಗುವವರೆಗೆ ಬೆನ್ನ ಮೇಲೆ ಕೈಯಿಟ್ಟು ನಿಂತಿರುವರು.

ವಾಣಕ್ಕನಿಗೆ ಉಬ್ಬಸ. ಹಿಂದಿನ ಚಳಿಗಾಲ ಅದು ಉಲ್ಬಣಿಸಿ ಅವಳು ಆಸ್ಪತ್ರೆ ಸೇರಿ, ಬದುಕುವುದೇ ಅನುಮಾನ ಎನ್ನುವ ಮಟ್ಟಕ್ಕೆ ಹೋಗಿತ್ತು. ಇನ್ನೊಂದು ಇಂಥ ಚಳಿಗಾಲವನ್ನು ಇವರ ಎದೆ ತಡೆಯುವುದಿಲ್ಲ, ದೆಹಲಿ ಬಿಡಿ ಎಂದಿದ್ದರು ವೈದ್ಯರು. ವರ್ಗಾವಣೆಗೆ ಅರ್ಜಿ ಹಾಕಿ ಕೂತಿದ್ದಳು. ಅರ್ಜಿ ಎಲ್ಲಿ ಕೂತಿದೆಯೋ ಯಾರಿಗೂ ತಿಳಿಯದು. ಹಾಗಾಗಿ ಶ್ರೀಪಾದಣ್ಣ ಹಟ ತೊಟ್ಟಿದ್ದರು. ದೆಹಲಿಯ ಗಾಳಿಯನ್ನು ತಾನು ಸರಿಮಾಡಲಾರೆ, ಆದರೆ ಈ ಮೂರು ಕೋಣೆಗಳೊಳಗೆ ಈ ವರ್ಷ ಹೊಗೆಯ ಒಂದು ಕಣವನ್ನೂ ಬಿಡುವುದಿಲ್ಲ ಎಂದು.

ಮೊದಲು ಗಾಳಿ ಶುದ್ಧ ಮಾಡುವ ಯಂತ್ರ ಬಂತು. ಅದು ತೋರಿಸುವ ಸಂಖ್ಯೆಯ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. "ಮಾರೋನು ತನ್ನ ಮಜ್ಜಿಗೆ ಹುಳಿ ಅಂತಾನಾ?" ಎಂದು ತಾವೇ ಒಂದು ಮಾಪಕ ಕಟ್ಟಿದರು. ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರು, ಅದರೊಳಗೆ ಲಿನಕ್ಸು, ಅದಕ್ಕೆ ಧೂಳು ಅಳೆಯುವ ಒಂದು ಸೆನ್ಸರು, ಒಂದು ಚಿಕ್ಕ ಪರದೆ. ಅದನ್ನು ನಡುಮನೆಯ ಗೋಡೆಗೆ, ದೇವರ ಪಟದ ಕೆಳಗೆ ತಗುಲಿಸಿದರು. ಹೊಗೆಯ ಕಣ ಕಡಿಮೆಯಿದ್ದರೆ ಹಸಿರು, ಹೆಚ್ಚಿದ್ದರೆ ಕೆಂಪು.

ನನ್ನ ಮೊದಲ ಪ್ರೋಗ್ರಾಂ ಅದಕ್ಕೇ ಬರೆದದ್ದು. ಸಂಖ್ಯೆ ಒಂದು ಮಿತಿ ದಾಟಿದರೆ ಅದು ಬಾಯಿಬಿಟ್ಟು ಹೇಳಬೇಕು. "ನಿನ್ನ ಧ್ವನಿ ಚೆನ್ನಾಗಿದೆ, ನೀನೇ ಹೇಳು" ಎಂದು ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದರು. "ಗಾಳಿ ಕೆಟ್ಟಿದೆ, ಕಿಟಕಿ ಮುಚ್ಚಿ" ಎಂದೆ. ಕೇಳಿ ನೋಡಿದರೆ ನನ್ನ ಮಾತಿನ ನಡುವೆ ವಾಣಕ್ಕನ ಕೆಮ್ಮು ಸೇರಿಕೊಂಡಿತ್ತು. ಅವಳು ಸೆರಗು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಹೋದಳು. ಕೆಮ್ಮು ನಿಲ್ಲುವವರೆಗೆ ನಾವಿಬ್ಬರೂ ಕಾದು, ಮತ್ತೊಮ್ಮೆ ರೆಕಾರ್ಡ್ ಮಾಡಿದೆವು.

ಪ್ರೋಗ್ರಾಂ ಓಡಿಸುವಾಗ ಪರದೆಯ ಮೇಲೆ ಏನೇನೋ ಹಳದಿ ಸಾಲುಗಳು ಬಂದವು. ನಾನು ಗಾಬರಿಯಾದೆ. "ಅದು ವಾರ್ನಿಂಗ್ ಅಷ್ಟೇ, ಎರರ್ ಅಲ್ಲ. ಎರರ್ ಬಂದ್ರೆ ನಿಂತುಹೋಗುತ್ತೆ. ವಾರ್ನಿಂಗ್ ಬಂದ್ರೆ ಓಡ್ತಾನೇ ಇರುತ್ತೆ. ಓಡೋದನ್ನ ಯಾರೂ ಮುಟ್ಟಲ್ಲ" ಎಂದರು. ಅವರ ಕಸುಬಿನವರೆಲ್ಲ ಹೀಗೆಯೇ ಎಂದು ನಾನು ಆಮೇಲೆ ಕಂಡುಕೊಂಡೆ. ಎಚ್ಚರಿಕೆಯ ಸಾಲುಗಳು ಎಷ್ಟು ಬಂದರೂ ಅವರ ಕಣ್ಣು ಅವುಗಳ ಮೇಲೆ ನಿಲ್ಲುವುದಿಲ್ಲ. ಆ ಮಾತು ಮನೆಯ ಗಾದೆಯೇ ಆಗಿಹೋಯಿತು. ಸಾರು ಉಕ್ಕಿದರೆ, ಲಿಫ್ಟು ಸದ್ದು ಮಾಡಿದರೆ, ನನ್ನ ಗೈಡು ಸಿಟ್ಟಾದರೆ ಎಲ್ಲದಕ್ಕೂ "ವಾರ್ನಿಂಗ್ ಅಷ್ಟೇ" ಎನ್ನುವುದು ರೂಢಿಯಾಯಿತು.

ದೀಪಾವಳಿ ಕಳೆಯುತ್ತಲೇ ಹೊರಗೆ ಸೂರ್ಯ ಕಾಣದಾದ. ಎದುರಿನ ಅಪಾರ್ಟ್‌ಮೆಂಟು ಬೆಳಗಿನ ಹೊತ್ತು ಇರುವುದೇ ಇಲ್ಲ, ಹನ್ನೊಂದರ ಮೇಲೆ ಮೆಲ್ಲಗೆ ಮೂಡುವುದು. ಶ್ರೀಪಾದಣ್ಣ ಕಂದು ಬಣ್ಣದ ಪ್ಯಾಕಿಂಗ್ ಟೇಪು ತಂದರು. ಕಿಟಕಿಗಳ ಅಂಚಿಗೆಲ್ಲ ಟೇಪು, ಬಾಲ್ಕನಿಯ ಬಾಗಿಲಿಗೆ ಟೇಪು, ಅಡುಗೆಮನೆಯ ಫ್ಯಾನಿನ ತೂತಿಗೆ ರಟ್ಟು. ಒಂದೊಂದು ಸಂದು ಮುಚ್ಚಿದಾಗಲೂ ಸಂಖ್ಯೆ ಇಳಿಯುವುದು, ನಾವು ಚಪ್ಪಾಳೆ ತಟ್ಟುವುದು. ವಾಣಕ್ಕನ ಕೆಮ್ಮು ನಿಜವಾಗಿಯೂ ಕಡಿಮೆಯಾಯಿತು. ಇನ್‌ಹೇಲರ್ ಫ್ರಿಜ್ಜಿನ ಮೇಲೆ ಧೂಳು ಹಿಡಿಯತೊಡಗಿತು. ಮದುವೆ ಊಟದ ಕತೆಯನ್ನು ಅವಳು ಕಂಬದವರೆಗೆ ಕೆಮ್ಮದೆ ಕೇಳಿದ ದಿನ ಶ್ರೀಪಾದಣ್ಣನ ಕಣ್ಣು ತುಂಬಿದ್ದನ್ನು ನಾನು ನೋಡಿದೆ.

ಆದರೂ ಸಂಖ್ಯೆ ಒಂದು ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಎಲ್ಲಿಂದಲೋ ಸೋರುತ್ತಿದೆ. "ಬಗ್ ಇದೆ. ಹಿಡೀಬೇಕು" ಎಂದರು. ಒಂದು ಭಾನುವಾರ ಮಧ್ಯಾಹ್ನ ಊದುಬತ್ತಿ ಹಚ್ಚಿಕೊಂಡು ಮನೆಯೆಲ್ಲ ತಿರುಗಿದೆವು. ಊದುಬತ್ತಿಯ ಹೊಗೆಗೆ ಸಂಖ್ಯೆ ಏರಿ, ಗೋಡೆಯ ಮೇಲಿಂದ ನನ್ನದೇ ಧ್ವನಿ "ಗಾಳಿ ಕೆಟ್ಟಿದೆ, ಕಿಟಕಿ ಮುಚ್ಚಿ" ಎಂದು ನಮ್ಮನ್ನು ಬೈಯತೊಡಗಿತು. ನಗುತ್ತ ನಗುತ್ತ ಸಂದುಗೊಂದುಗಳಿಗೆ ಊದುಬತ್ತಿ ಹಿಡಿದೆವು. ಎಲ್ಲ ಕಡೆ ಹೊಗೆ ನೆಟ್ಟಗೆ ಮೇಲೇರಿತು. ಬಚ್ಚಲಮನೆಯ ಬಾಗಿಲಲ್ಲಿ ಮಾತ್ರ ಬಾಗಿ ಅಲುಗಾಡಿತು. ಬಚ್ಚಲಿನಲ್ಲಿ, ಗ್ಯಾಸ್ ಗೀಸರಿನ ಮೇಲೆ, ಗೋಡೆಯ ಎತ್ತರದಲ್ಲಿ ಒಂದು ಗವಾಕ್ಷಿಯಿತ್ತು.

"ಸಿಕ್ತು ಬಗ್" ಎಂದರು ಶ್ರೀಪಾದಣ್ಣ. ಸ್ಟೂಲು ಹತ್ತಿ ಗವಾಕ್ಷಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಚ್ಚಿ ನಾಲ್ಕೂ ಕಡೆ ಟೇಪು ಎಳೆದರು. ವಾಣಕ್ಕ ಸ್ಟೂಲು ಹಿಡಿದಿದ್ದಳು, ನಾನು ಟೇಪು ಕತ್ತರಿಸಿ ಕೊಡುತ್ತಿದ್ದೆ. ಗೀಸರಿನ ಬೆಂಕಿಗೂ ಉಸಿರು ಬೇಕು, ಅದು ಬಿಟ್ಟ ಉಸಿರು ಹೊರಗೆ ಹೋಗಬೇಕು ಎಂಬುದು ಅಲ್ಲಿದ್ದ ಮೂವರು ಓದಿದವರಿಗೆ ಹೊಳೆಯಲಿಲ್ಲ. ನಮ್ಮ ಮಾಪಕ ಅಳೆಯುತ್ತಿದ್ದದ್ದು ಧೂಳನ್ನು. ಬಣ್ಣವಿಲ್ಲದ, ವಾಸನೆಯಿಲ್ಲದ ಆ ಇನ್ನೊಂದರ ಹೆಸರೇ ಅದಕ್ಕೆ ಗೊತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಸಂಖ್ಯೆ ಅದುವರೆಗೆ ಕಾಣದಷ್ಟು ಕೆಳಗಿಳಿದಿತ್ತು. ಆ ಖುಷಿಗೆ ವಾಣಕ್ಕ ಕೇಸರಿಬಾತು ಮಾಡಿದಳು.

ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ಎಲ್ಲರಿಗೂ ತಲೆನೋವು. ನನಗೆ ಭಾನುವಾರ ಮಾತ್ರ. "ಲಿನಕ್ಸ್ ಕಲಿಯೋರಿಗೆ ಮೊದಲನೇ ವರ್ಷ ತಲೆನೋವು ಇದ್ದದ್ದೇ" ಎಂದು ಶ್ರೀಪಾದಣ್ಣ ಹಾಸ್ಯ ಮಾಡಿದರು. ವಿಚಿತ್ರವೆಂದರೆ ಅವರ ಮನೆಯಿಂದ ಹೊರಬಿದ್ದು, ಕಣ್ಣು ಉರಿಯುವ ಆ ಹೊಗೆಯಲ್ಲಿ ಮೆಟ್ರೋವರೆಗೆ ನಡೆಯುವಷ್ಟರಲ್ಲಿ ನನ್ನ ತಲೆ ಹಗುರಾಗುತ್ತಿತ್ತು. ಮುಂದಿನ ವಾರ ಅದನ್ನೇ ಹೇಳಿದೆ. "ನಿಮ್ಮನೆ ಶುದ್ಧ ಗಾಳಿ ನನಗೆ ಒಗ್ಗಲ್ಲ ಶ್ರೀಪಾದಣ್ಣ. ರಸ್ತೆ ಗಾಳಿ ಕುಡಿದ್ರೇ ತಲೆನೋವು ಹೋಗೋದು." ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದಳು ವಾಣಕ್ಕ. ಇಡೀ ಚಳಿಗಾಲದಲ್ಲಿ ಆ ಮನೆಯೊಳಗೆ ಯಾರಾದರೂ ಆಡಿದ ಒಂದೇ ಒಂದು ನಿಜ ನನ್ನ ಆ ಮಾತು. ಅದನ್ನು ನಾವು ಹಾಸ್ಯವಾಗಿ ಉಂಡು ಮುಗಿಸಿದೆವು.

ಹೊಸ ವರ್ಷದ ಹೊತ್ತಿಗೆ ವಾಣಕ್ಕನ ಅಮ್ಮ ಕಮಲಮ್ಮ ಮೈಸೂರಿನಿಂದ ಬಂದರು. ಬಂದವರು ಹಗಲೂ ತೂಕಡಿಸುವರು. ದೆಹಲಿಯ ಚಳಿ ವಯಸ್ಸಾದವರಿಗೆ ಹೀಗೇ ಎಂದುಕೊಂಡೆವು. ಒಂದು ದಿನ ಶ್ರೀಪಾದಣ್ಣ ಬಚ್ಚಲಿಂದ ತಲೆ ಒರೆಸಿಕೊಳ್ಳುತ್ತ ಬಂದು, "ಗೀಸರ್ ಜ್ವಾಲೆ ನೀಲಿ ಇರ್ತಿತ್ತು, ಈಗ ಹಳದಿ ಆಗಿದೆ. ಸರ್ವಿಸ್ ಮಾಡಿಸ್ಬೇಕು" ಎಂದರು. "ಫೋನ್ ಮಾಡ್ಲಾ ರೀ?" ಎಂದಳು ವಾಣಕ್ಕ. "ಹಬ್ಬ ಆಗ್ಲಿ ಬಿಡು. ನೀರು ಬಿಸಿ ಬರ್ತಿದೆಯಲ್ಲ. ವಾರ್ನಿಂಗ್ ಅಷ್ಟೇ" ಎಂದರು.

ಹಬ್ಬ ಎಂದರೆ ಸಂಕ್ರಾಂತಿ. ಪಿ.ಜಿ.ಯಲ್ಲಿ ಒಬ್ಬಳೇ ಏನು ಮಾಡುತ್ತೀ ಎಂದು ವಾಣಕ್ಕ ನನ್ನನ್ನು ಹಿಂದಿನ ದಿನವೇ ಕರೆಸಿಕೊಂಡಿದ್ದಳು. ಬೆಳಿಗ್ಗೆ ಕಮಲಮ್ಮ ಎಳ್ಳೆಣ್ಣೆಯ ಬಟ್ಟಲು ಹಿಡಿದು ಎಲ್ಲರ ನೆತ್ತಿಗೂ ತಟ್ಟಿದರು. ಊರಲ್ಲಾದರೆ ಹಂಡೆಯ ನೀರು, ಒಲೆಯ ಉರಿ, ಮೇಲೆ ಹೊಗೆ ಹೋಗುವ ಬೆಳಕಿಂಡಿ. ಇಲ್ಲಿ ಗೀಸರು. ಎಣ್ಣೆ ಸ್ನಾನವೆಂದರೆ ಸೀಗೆಪುಡಿ ಹಾಕಿ ತಿಕ್ಕಿ, ಮೈ ಕೆಂಪಗಾಗುವಷ್ಟು ಬಿಸಿನೀರು ಹೊಯ್ದುಕೊಳ್ಳಬೇಕು. ಅವಸರ ಮಾಡಿದರೆ ಕಮಲಮ್ಮ ಬಿಡುವವರಲ್ಲ. ಮೊದಲು ಅವರದಾಯಿತು, ಆಮೇಲೆ ವಾಣಕ್ಕ, ಆಮೇಲೆ ನಾನು. ಗೀಸರು ಆರಲೇ ಇಲ್ಲ. ನಾನು ಹೊರಗೆ ಬಂದಾಗ ಕಾಲು ನನ್ನವಲ್ಲ ಎನ್ನಿಸಿತು. ಕಮಲಮ್ಮ ಹೊದ್ದು ಮಲಗಿದ್ದರು. ವಾಣಕ್ಕ ಒಲೆಯ ಮುಂದೆ ಹಣೆ ಒತ್ತಿಕೊಂಡು ನಿಂತಿದ್ದಳು. "ಖಾಲಿ ಹೊಟ್ಟೆ, ಅದಕ್ಕೇ. ಪೊಂಗಲ್ ತಿಂದ್ರೆ ಸರಿಹೋಗುತ್ತೆ" ಎಂದಳು. ಶ್ರೀಪಾದಣ್ಣ ಟವಲು ಹೆಗಲಿಗೆ ಹಾಕಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ನಾನು ನಡುಮನೆಯಲ್ಲಿ ಲ್ಯಾಪ್‌ಟಾಪು ತೆರೆದು ಕೂತೆ. ಕೆರೆ ಕಟ್ಟಿಸಿದವರನ್ನು ಹುಡುಕುವ ಪ್ರೋಗ್ರಾಂ ಅಂದು ಮೊದಲ ಸಲ ತಡೆಯಿಲ್ಲದೆ ಓಡಿತು. ಹೆಸರುಗಳು ಒಂದರ ಕೆಳಗೊಂದು ಬೀಳತೊಡಗಿದವು. ಖುಷಿಗೆ ತಲೆ ಸಿಡಿತವೂ ಮರೆತುಹೋಗಿ ಬಚ್ಚಲ ಕಡೆಗೆ ಕೂಗಿದೆ. "ಶ್ರೀಪಾದಣ್ಣ, ಓಡ್ತಾ ಇದೆ. ಆದ್ರೆ ಹಳದಿ ಸಾಲು ಬಂದಿದೆ."

ಉತ್ತರ ನನಗೆ ಗೊತ್ತಿತ್ತು. ಬಚ್ಚಲಿನಿಂದಾಗಲಿ, ಬಾಲ್ಕನಿಯಿಂದಾಗಲಿ, ಬಾಯಿತುಂಬ ಅನ್ನವಿದ್ದಾಗಲಾಗಲಿ ಆ ಎರಡು ಮಾತು ಬರದೇ ಇರುತ್ತಿರಲಿಲ್ಲ. ಅಂದು ಬರಲಿಲ್ಲ. ನೀರು ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಮತ್ತೆ ಕೂಗಿದೆ. ವಾಣಕ್ಕ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದು ನನ್ನ ಮುಖ ನೋಡಿದಳು. ತಮಾಷೆಗೆ ಉತ್ತರ ಕೊಡದ ಶ್ರೀಪಾದಣ್ಣನನ್ನು ನಾವಿಬ್ಬರೂ ಕಂಡಿರಲಿಲ್ಲ. ಅವಳು ಸೌಟು ಬಿಸಾಕಿ ಬಾಗಿಲಿಗೆ ಓಡಿದಳು.

ಬಾಗಿಲು ತೆಳು ಪ್ಲಾಸ್ಟಿಕ್ಕಿನದು, ನಮ್ಮಿಬ್ಬರ ಭುಜಕ್ಕೆ ಚಿಲಕ ಕಿತ್ತುಬಂತು. ಒಳಗೆ ಆವಿ. ಬಕೆಟ್ಟಿನ ಪಕ್ಕದಲ್ಲಿ ಅವರು ಮಗ್ಗಲಾಗಿ ಬಿದ್ದಿದ್ದರು. ಮುಖ ಕೆಂಪಗೆ, ಈಗಷ್ಟೇ ನಕ್ಕು ಮಲಗಿದವರಂತೆ ಇತ್ತು. ನಮ್ಮ ಕಿರುಚಾಟಕ್ಕೆ ಎದುರು ಮನೆಯ ಅಂಕಲ್ ಓಡಿ ಬಂದರು, ರೈಲ್ವೆಯಲ್ಲಿದ್ದು ನಿವೃತ್ತರಾದವರು. ಬಚ್ಚಲು ನೋಡಿದರು, ಗೀಸರು ನೋಡಿದರು, ಟೇಪು ನೋಡಿದರು. "ಪಹಲೇ ಖಿಡ್ಕಿ ಖೋಲೋ, ಬೇಟಾ, ಸಾರೀ ಖಿಡ್ಕಿಯಾಂ" ಎಂದು ಗೀಸರು ಆರಿಸಿ, ಅಡುಗೆಮನೆಯ ಚಾಕುವಿನಿಂದ ಪ್ಲಾಸ್ಟಿಕ್ ಹಾಳೆಯನ್ನು ಹರಿದರು. ನಾನು ಉಗುರಿನಿಂದ ಕಿಟಕಿಗಳ ಟೇಪು ಕಿತ್ತೆ. ಇಡೀ ಚಳಿಗಾಲ ಹೊರಗೆ ಕಾದು ನಿಂತಿದ್ದ ದೆಹಲಿಯ ಹೊಗೆ ಒಳಕ್ಕೆ ನುಗ್ಗಿತು. ಅದರಿಂದಲೇ ಅವರ ಜೀವ ಉಳಿಯಿತು.

ಗೋಡೆಯ ಮೇಲಿನ ಪರದೆ ಆವರೆಗೆ ಹಸಿರಾಗಿಯೇ ಇತ್ತು. ಆ ಚಳಿಗಾಲದಲ್ಲೇ ಅತಿ ಶುದ್ಧ ಗಾಳಿ ಅಂದು ಬೆಳಿಗ್ಗೆ ಆ ಮನೆಯಲ್ಲಿತ್ತು ಎಂದು ಅದರ ಲೆಕ್ಕ. ಈಗ ಕೆಂಪಾಯಿತು. ಅಂಕಲ್ ಶ್ರೀಪಾದಣ್ಣನನ್ನು ಬಾಲ್ಕನಿಗೆ ಎಳೆದು ಮಲಗಿಸಿ ಎದೆ ಒತ್ತುತ್ತಿದ್ದಾಗ, ವಾಣಕ್ಕ ಅವರ ಪಾದ ತಿಕ್ಕುತ್ತ ಉಸಿರು ಸಿಗದೆ ಒದ್ದಾಡುತ್ತಿದ್ದಾಗ, ನನ್ನದೇ ಧ್ವನಿ, ನೆಮ್ಮದಿಯಾಗಿ, ಸ್ಪಷ್ಟವಾಗಿ, "ಗಾಳಿ ಕೆಟ್ಟಿದೆ, ಕಿಟಕಿ ಮುಚ್ಚಿ" ಎನ್ನತೊಡಗಿತು. ನಿಲ್ಲಿಸುವುದು ಹೇಗೆಂದು ನನಗೆ ನೆನಪಾಗಲಿಲ್ಲ. ಆಂಬುಲೆನ್ಸು ಬರುವವರೆಗೂ ಅದು ಹೇಳುತ್ತಲೇ ಇತ್ತು.

ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿದರು. ಮರುದಿನ ಕಣ್ಣು ತೆರೆದರು. ವಾರದೊಳಗೆ ಎದ್ದು ಕೂತು ಇಡ್ಲಿ ತಿಂದರು. ಚಳಿಗಾಲದಲ್ಲಿ ಇಂಥ ಗೀಸರಿನ ಕೇಸುಗಳು ಬರುತ್ತಲೇ ಇರುತ್ತವೆ ಎಂದ ವೈದ್ಯೆ, ಬಿಟ್ಟು ಕಳಿಸುವ ಮುಂಚೆ ನಮ್ಮನ್ನು ಕರೆದು ಕೂರಿಸಿ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಈಗ ಸರಿಯಿದ್ದಾರೆ. ಆದರೆ ಗೀಸರಿನ ಈ ವಿಷಗಾಳಿ ಕೆಲವರಲ್ಲಿ ಕೆಲವು ವಾರ ಸುಮ್ಮನಿದ್ದು ಮತ್ತೆ ಬರುತ್ತದೆ. ಮರೆವು, ನಡಿಗೆಯಲ್ಲಿ ಬದಲಾವಣೆ, ಮಾತಿನಲ್ಲಿ ತಡವರಿಕೆ ಕಂಡರೆ ಕರೆದುಕೊಂಡು ಬನ್ನಿ. ವಾಣಕ್ಕನ ಮುಖ ಕಪ್ಪಿಟ್ಟಿತು. ಹಾಸಿಗೆಯ ಮೇಲಿನಿಂದ ಶ್ರೀಪಾದಣ್ಣ, "ಹೆದರಬೇಡ ಕಣೆ. ವಾರ್ನಿಂಗ್ ಅಷ್ಟೇ" ಎಂದರು. ನಾವು ನಕ್ಕೆವು. ದೇವರೇ, ಎಷ್ಟು ನಕ್ಕೆವು. ನಗುತ್ತ ನಗುತ್ತ ವಾಣಕ್ಕ ಅತ್ತುಬಿಟ್ಟಳು.

ಗ್ಯಾಸ್ ಗೀಸರು ಹೋಗಿ ಕರೆಂಟಿನದು ಬಂತು. ಕಮಲಮ್ಮ ಹರಕೆ ತೀರಿಸಲು ಊರಿಗೆ ಹೋದರು. ಶ್ರೀಪಾದಣ್ಣ ಕೆಲಸಕ್ಕೆ ಹೋಗತೊಡಗಿದರು. ಭಾನುವಾರಗಳು ಮತ್ತೆ ಶುರುವಾದವು. ಶಿವರಾತ್ರಿಯ ಆಸುಪಾಸು, ಚಳಿ ಇಳಿದು ಬಿಸಿಲು ಹಿತವಾಗಿದ್ದ ಒಂದು ಮಧ್ಯಾಹ್ನ ಎದುರು ಮನೆಯ ಅಂಕಲ್ ಊಟಕ್ಕೆ ಬಂದಿದ್ದರು. ಹೊಸಬರು ಸಿಕ್ಕರೆಂದು ಶ್ರೀಪಾದಣ್ಣ ಮದುವೆ ಊಟದ ಕತೆ ತೆಗೆದರು, ಅರ್ಧ ಹಿಂದಿ ಅರ್ಧ ಕನ್ನಡ. ಜಾವಾ ನಿಂತಿತು, ಪೈಥಾನ್ ಎದ್ದಿತು, ಜಾವಾಸ್ಕ್ರಿಪ್ಟ್ ಬೇರೆ ಮದುವೆಯಲ್ಲಿ ಉಂಡು ಬಂತು. "ಕೊನೇಗೆ ಸಿ ಬಂತು. ಕೂತ್ಕೊಂಡ್ತು. ಎಲೆ ಹಾಕಿದ್ರು."

ಅಲ್ಲಿ ನಿಂತರು. ಕುತೂಹಲಕ್ಕೆ ನಿಲ್ಲಿಸಿದ್ದಾರೆ ಎಂದುಕೊಂಡು ನಾವು ನಗಲು ಸಿದ್ಧವಾಗಿ ಕಾದೆವು. ವಾಣಕ್ಕ ಆಗಲೇ ಬಾಯಿಗೆ ಸೆರಗು ಹಿಡಿದಿದ್ದಳು. ಅವರು ತಮ್ಮ ತಟ್ಟೆ ನೋಡಿದರು, ಪಕ್ಕದ ತಟ್ಟೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ತಮಾಷೆಯ ಸುಳಿವೇ ಇಲ್ಲದ ಧ್ವನಿಯಲ್ಲಿ, "ಆಮೇಲೆ ಏನಾಯ್ತು ರೂಪಾ?" ಎಂದರು.

ಅಲ್ಲಿಂದ ಮುಂದೆ ಇಳಿಜಾರು. ಆ ಬೇಸಿಗೆಯಲ್ಲಿ ನನ್ನ ಪ್ರಬಂಧ ಮುಗಿಯಿತು, ಕೆರೆ ಕಟ್ಟಿಸಿದವರೆಲ್ಲ ಸಿಕ್ಕರು. ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿ ನಾನು ಊರಿಗೆ ಮರಳಿದೆ. ವಾಣಕ್ಕನಿಗೆ ಫೋನು ಮಾಡುವುದನ್ನು ಬಿಡಲಿಲ್ಲ. ಮಾತಾಡುತ್ತಿದ್ದವಳು ಒಮ್ಮೊಮ್ಮೆ ಶ್ರೀಪಾದಣ್ಣ ಕರೆದರೆಂದು ನಡುವೆಯೇ ಫೋನು ಇಟ್ಟುಬಿಡುತ್ತಿದ್ದಳು.

ಈ ಸಲ ಸಭೆ ಮುಗಿದ ಮೇಲೆ ಆಟೋ ಹಿಡಿದು ಯಮುನೆ ದಾಟಿ ಅವರ ಮನೆಗೆ ಹೋದೆ. ಎಲ್ಲ ಕಿಟಕಿಗಳೂ ತೆರೆದಿದ್ದವು. ಬಾಲ್ಕನಿಯ ಬಾಗಿಲು ಮುಚ್ಚದಂತೆ ಒರಳುಕಲ್ಲು ಅಡ್ಡ ಇಟ್ಟಿದ್ದಳು. ಮನೆಯೊಳಗೇ ಶಾಲು, ಮಫ್ಲರು. ಫ್ರಿಜ್ಜಿನ ಮೇಲೆ ಈಗ ಇನ್‌ಹೇಲರ್ ಅಲ್ಲ, ಔಷಧಿಯನ್ನು ಆವಿ ಮಾಡಿ ಕೊಡುವ ದೊಡ್ಡ ಯಂತ್ರವೇ ಇತ್ತು. ಗೋಡೆಯ ಮೇಲಿನ ಮಾಪಕ ಇರಲಿಲ್ಲ. ಅದು ಹೇಳಿದಾಗಲೆಲ್ಲ ಶ್ರೀಪಾದಣ್ಣ ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದರಂತೆ. ಅದಕ್ಕೇ ತೆಗೆದುಹಾಕಿದೆ ಎಂದಳು.

"ಅಕ್ಕ, ಈ ಹೊಗೇಲಿ ಒಂದು ಕಿಟಕಿನಾದ್ರೂ ಮುಚ್ಚಬಾರದಾ? ನಿನ್ನ ಎದೆ ಗತಿ ಏನು?" ಎಂದೆ.

"ಮುಚ್ಚಿದ್ರೆ ನಿದ್ದೆ ಬರಲ್ಲ ಕಣೆ. ತೆಗೆದ್ರೆ ಉಸಿರು ಬರಲ್ಲ. ಎರಡರಲ್ಲಿ ಒಂದು ಆರಿಸ್ಕೊಂಡಿದೀನಿ" ಎಂದಳು. ವರ್ಗಾವಣೆ ಮಂಜೂರಾಗಿ ಬಂದಾಗ ಬೇಡವೆಂದು ಬರೆದುಕೊಟ್ಟಳಂತೆ. ಅವರಿಗೆ ದಾರಿ ಗೊತ್ತಿರುವುದು ಈ ಮನೆಯೊಳಗೆ ಮಾತ್ರ, ಬೇರೆ ಮನೆಗೆ ಹೋದರೆ ಬಚ್ಚಲು ಎಲ್ಲಿದೆ ಎಂದೂ ತಿಳಿಯುವುದಿಲ್ಲ. ಕಾಫಿ ತರುತ್ತೇನೆಂದು ಅಡುಗೆಮನೆಗೆ ಹೋದಳು.

ಶ್ರೀಪಾದಣ್ಣ ಕಿಟಕಿಯ ಪಕ್ಕ ಮಂಕಿ ಕ್ಯಾಪು ಹಾಕಿಕೊಂಡು ಕೂತಿದ್ದರು. ದಪ್ಪವಾಗಿದ್ದರು. ನನ್ನನ್ನು ನೋಡಿದರು, ನನ್ನ ತೊಡೆಯ ಮೇಲಿದ್ದ ಚೀಲ ನೋಡಿದರು. ಅದರಿಂದ ಇಣುಕುತ್ತಿದ್ದ ಲ್ಯಾಪ್‌ಟಾಪು ನೋಡಿ ಅವರ ಕಣ್ಣಿನಲ್ಲಿ ಏನೋ ಆಡಿತು.

"ನೀವು ಯಾವ ಲಿನಕ್ಸ್ ಹಾಕ್ಕೊಂಡಿದೀರಿ?" ಎಂದರು.

"ಯಾವುದೂ ಇಲ್ಲ. ಹಾಕ್ಕೋಬೇಕು" ಎಂದೆ.

ಅವರ ಮುಖ ಅರಳಿತು. ಕುರ್ಚಿಯನ್ನು ಕಷ್ಟಪಟ್ಟು ನನ್ನ ಹತ್ತಿರ ಎಳೆದುಕೊಂಡರು. "ಅಚ್ಛಾ, ಹಾಗಿದ್ರೆ ಕೇಳಿ" ಎಂದು ಮಿಂಟ್ ಎಂಬ ಹೆಸರಿನವರೆಗೆ ಬಂದು ನಿಂತರು. ಮುಂದಿನ ದಾರಿ ಸಿಗದೆ ಕಿಟಕಿಯಾಚೆ ನೋಡಿದರು. ಎದುರಿನ ಅಪಾರ್ಟ್‌ಮೆಂಟು ಹೊಗೆಯಲ್ಲಿ ಅರ್ಧ ಮುಳುಗಿತ್ತು. ಬಹಳ ಹೊತ್ತಿನ ಮೇಲೆ ಹೊಳೆಯಿತು.

"ಮೊದಲನೇ ಪ್ರೋಗ್ರಾಂ ಒಂದು ಮಾಡೋಣ. ಹೊಗೆ ಜಾಸ್ತಿ ಆದಾಗ ಅದು ಬಾಯಿಬಿಟ್ಟು ಹೇಳ್ಬೇಕು, ಕಿಟಕಿ ಮುಚ್ಚಿ ಅಂತ. ನಮ್ಮ ಮನೆಯವಳಿಗೆ ಉಬ್ಬಸ, ಈ ಗಾಳಿ ಆಗಲ್ಲ. ನಿಮ್ಮ ಧ್ವನಿ ಚೆನ್ನಾಗಿದೆ, ನೀವೇ ಹೇಳಿ."

ಮೇಜಿನ ಮೇಲಿದ್ದ ನನ್ನ ಫೋನನ್ನು ಎತ್ತಿ ನನ್ನ ಬಾಯಿಯ ಹತ್ತಿರ ಹಿಡಿದರು. ಅಷ್ಟರಲ್ಲಿ ಅಡುಗೆಮನೆಯಲ್ಲಿ ವಾಣಕ್ಕ ಕೆಮ್ಮತೊಡಗಿದಳು. ಶ್ರೀಪಾದಣ್ಣ ಇನ್ನೊಂದು ಕೈಯೆತ್ತಿ ನನ್ನನ್ನು ತಡೆದರು, ಧ್ವನಿಯಲ್ಲಿ ಕೆಮ್ಮು ಸೇರಬಾರದಲ್ಲ. ನಾವಿಬ್ಬರೂ ಕಾದೆವು. ಕೆಮ್ಮು ನಿಲ್ಲಲಿಲ್ಲ.